ಪಲ್ಲಾಡಿಯಂನಲ್ಲಿ ಎದ್ದ ಅಲೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಪಲ್ಲಾಡಿಯಂ ಆಯಸ್ಕಾಂತ ಆಗುವ ಅಂಚಿನಲ್ಲೇ ನಿಂತಿರುವ ಲೋಹವಂತೆ. ಅದರಲ್ಲಿ ಏಳುವ ಕಾಂತೀಯ ಅಲೆಗಳು ಓಡದೆ ಅಲ್ಲೇ ಅಡಗುತ್ತವಂತೆ. ಅಂಚಿಗೆ ಹತ್ತಿರವಾದಷ್ಟೂ ಘರ್ಷಣೆ ಜಾಸ್ತಿಯಾಗುತ್ತದಾ?
– ಒಬ್ಬ ಎಂ.ಎಸ್ಸಿ ವಿದ್ಯಾರ್ಥಿನಿ

ಉತ್ತರ: ಇಲ್ಲ, ಘರ್ಷಣೆ ಜಾಸ್ತಿಯಾಗುವುದಿಲ್ಲ. ಈ ತಪ್ಪು ಕಲ್ಪನೆ ತುಂಬ ಜನರಲ್ಲಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೋಹ ಯಾವಾಗ ಆಯಸ್ಕಾಂತ ಆಗುತ್ತದೆ ಎಂದು ಹೇಳುವ ಸ್ಟೋನರ್ ಲೆಕ್ಕ ನಿಮಗೆ ಗೊತ್ತಿರುತ್ತದೆ. ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯಿಂದ ಹುಟ್ಟುವ ವಿನಿಮಯ ಬಲವನ್ನೂ ಫರ್ಮಿ ಮಟ್ಟದಲ್ಲಿರುವ (ಎಲೆಕ್ಟ್ರಾನ್‌ಗಳು ತುಂಬಿರುವ ಅತಿ ಮೇಲಿನ ಶಕ್ತಿಮಟ್ಟ) ಜಾಗಗಳ ದಟ್ಟಣೆಯನ್ನೂ ಗುಣಿಸಿದಾಗ 1 ಮುಟ್ಟಿದರೆ ಲೋಹ ತಾನಾಗಿಯೇ ಆಯಸ್ಕಾಂತ ಆಗುತ್ತದೆ. ಪಲ್ಲಾಡಿಯಂನಲ್ಲಿ ಅದು ಸುಮಾರು 0.9. ಹಾಗಾಗಿ ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟರೆ ಈ ಬಲ ಇಲ್ಲದಿದ್ದಾಗಿನದಕ್ಕಿಂತ ಅದು ಸುಮಾರು ಹತ್ತು ಪಟ್ಟು ಜೋರಾಗಿ ಸ್ಪಂದಿಸುತ್ತದೆ, ಕ್ಷೇತ್ರ ತೆಗೆದರೆ ಎಲ್ಲ ಮರೆತುಬಿಡುತ್ತದೆ.

ಈಗ ಅಲೆಯ ವಿಷಯ. ಕಬ್ಬಿಣದಂಥ ನಿಜವಾದ ಆಯಸ್ಕಾಂತದಲ್ಲಿ ಮೇಲ್ಮುಖ, ಕೆಳಮುಖ ಸ್ಪಿನ್‌ಗಳ (ಸ್ಪಿನ್ ಅಂದರೆ ಎಲೆಕ್ಟ್ರಾನನ್ನು ಪುಟ್ಟ ಆಯಸ್ಕಾಂತವಾಗಿಸುವ ಗುಣ) ಶಕ್ತಿಮಟ್ಟಗಳು ಬೇರೆಬೇರೆಯಾಗಿ ದೂರ ಸರಿದಿರುತ್ತವೆ. ಒಂದು ಸ್ಪಿನ್ ತಿರುಗಿಸಿ ಎಲೆಕ್ಟ್ರಾನನ್ನು ಮೇಲಕ್ಕೆ ತಳ್ಳಬೇಕೆಂದರೆ ದೊಡ್ಡ ಶಕ್ತಿ ಬೇಕು, ಅದು ಉದ್ದನೆಯ ಅಲೆಗೆ ಕೈಗೆಟುಕುವುದಿಲ್ಲ. ತನ್ನ ಶಕ್ತಿಯನ್ನು ಕಳೆದುಕೊಳ್ಳಲು ಅದಕ್ಕೆ ಈ ದಾರಿ ಇಲ್ಲ, ಹಾಗಾಗಿ ಓಡುತ್ತದೆ. ಪಲ್ಲಾಡಿಯಂನಲ್ಲಿ ಆ ಅಂತರವೇ ಇಲ್ಲ. ಎಷ್ಟು ಚಿಕ್ಕ ಶಕ್ತಿಗೂ ಫರ್ಮಿ ಮಟ್ಟದ ಕೆಳಗಿನ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹಾರಿ, ಹಿಂದೆ ಒಂದು ಖಾಲಿ ಜಾಗ ಬಿಟ್ಟು ಹೋಗಬಹುದು. ಅಲೆ ಹೀಗೇ ಎಲೆಕ್ಟ್ರಾನ್ ಮತ್ತು ಖಾಲಿ ಜಾಗದ ಸಾವಿರಾರು ಜೋಡಿಗಳಾಗಿ ಚದುರಿಹೋಗುತ್ತದೆ. ಇದನ್ನೇ ಲ್ಯಾಂಡೌ ಶಮನ ಅನ್ನುತ್ತಾರೆ. ಹೊರಗಿನ ಯಾವ ಕೊಳೆಯೂ ಬೇಕಿಲ್ಲ, ಪರಿಶುದ್ಧ ಲೋಹದಲ್ಲೂ ನಡೆಯುತ್ತದೆ.

ಬೆಲ್ಲದ ಪಾಕದಲ್ಲಿ ಮುಳುಗಿಸಿದ ಸ್ಪ್ರಿಂಗ್ ನೆನಪಿಸಿಕೊಳ್ಳಿ. ಎಳೆದು ಬಿಟ್ಟರೆ ಅದು ಜೀಕುವುದಿಲ್ಲ, ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಇಲ್ಲಿ ಪಾಕ ಅಂದರೆ ಈ ಶಮನ, ಸ್ಪ್ರಿಂಗ್ ಅಂದರೆ ಕಾಂತತ್ವವನ್ನು ಸೊನ್ನೆಗೆ ಎಳೆಯುವ ಬಲ. ಅಂಚಿಗೆ ಹತ್ತಿರವಾದಾಗ ಪಾಕ ಗಟ್ಟಿಯಾಗುವುದಿಲ್ಲ, ಸ್ಪ್ರಿಂಗ್ ಸಡಿಲವಾಗುತ್ತದೆ! ಅದಕ್ಕೇ ಕಾಂತತ್ವದ ಏರಿಳಿತಗಳು, ಅಂದರೆ ಈ ಅಲೆಗಳು, ದೊಡ್ಡದಾಗುತ್ತವೆ, ಅಡಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಟ್ಟು ಸ್ಪಿನ್ ಸುಮ್ನೆ ಮಾಯವಾಗುವಂತಿಲ್ಲ, ಎಲೆಕ್ಟ್ರಾನ್‌ಗಳೇ ಅದನ್ನು ಹೊತ್ತು ಪಕ್ಕಕ್ಕೆ ಸಾಗಿಸಬೇಕು, ಅಲ್ವಾ? ಅಲೆ ಉದ್ದವಿದ್ದಷ್ಟೂ ದಾರಿ ದೂರ, ಅಡಗುವುದು ತಡ. ಅಲೆಸಂಖ್ಯೆ (ಅಲೆ ಉದ್ದವಿದ್ದಷ್ಟೂ ಇದು ಚಿಕ್ಕದು) q ಆದರೆ, ಅಂಚಿನಿಂದ ದೂರವಿದ್ದಾಗ ಅಡಗುವ ವೇಗ qಗೆ ಅನುಪಾತದಲ್ಲಿರುತ್ತದೆ, ಸರಿಯಾಗಿ ಅಂಚಿನ ಮೇಲೆ q ಘನಕ್ಕೆ. ಈ ಎರಡು ಸಾಲನ್ನು ನೀವೇ ಒಮ್ಮೆ ಬಿಡಿಸಿ ನೋಡಬೇಕು ಅಂತ ನನ್ನ ಆಸೆ, ಇಡೀ ವಿಷಯ ಅಲ್ಲೇ ಇದೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ನ್ಯೂಟ್ರಾನ್‌ಗಳನ್ನು ಲೋಹದೊಳಗೆ ಹಾಯಿಸಿ, ಅವು ಕಳೆದುಕೊಂಡ ಶಕ್ತಿಯನ್ನು ಅಳೆದರೆ ಈ ಏರಿಳಿತಗಳು ಚೂಪಾದ ಗೆರೆಯಾಗಿ ಅಲ್ಲ, ಅಗಲವಾಗಿ ಹರಡಿದ ದಿಬ್ಬವಾಗಿ ಕಾಣುತ್ತವೆ. ಪಲ್ಲಾಡಿಯಂನಲ್ಲೇ ಅವನ್ನು ನೇರವಾಗಿ ಕಂಡ ವರದಿ 2010ರಲ್ಲಿ ಬಂತು. ಪಲ್ಲಾಡಿಯಂ ಯಾಕೆ ಅತಿವಾಹಕ (ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ವಸ್ತು) ಆಗುವುದಿಲ್ಲ ಅನ್ನುವುದಕ್ಕೆ ಭೌತವಿಜ್ಞಾನಿಗಳಾದ ಬರ್ಕ್ ಮತ್ತು ಶ್ರೀಫರ್ 1966ರಲ್ಲೇ ಈ ಏರಿಳಿತಗಳನ್ನೇ ಕಾರಣವಾಗಿ ತೋರಿಸಿದ್ದರು: ವಿರುದ್ಧ ಸ್ಪಿನ್‌ಗಳ ಎಲೆಕ್ಟ್ರಾನ್ ಜೋಡಿ ಕೂಡಿಕೊಳ್ಳಲು ಇವು ಬಿಡುವುದಿಲ್ಲ.