ಭತ್ತ, ಗೋವಿನಜೋಳ: ಈಗಲೇ ಮಾರಬೇಕಾ, ಬೇಸಿಗೆವರೆಗೆ ಇಡಬೇಕಾ?

ಮುಂಡಗೋಡದಲ್ಲಿ ಎರಡು ಎಕರೆ ಭತ್ತ, ಒಂದೂವರೆ ಎಕರೆ ಗೋವಿನಜೋಳ (ಮೆಕ್ಕೆಜೋಳ) ಬೆಳೆದಿದ್ದೀರಿ. ಬೇಸಿಗೆವರೆಗೆ ಇಟ್ಟರೆ ರೇಟ್ ಏರುತ್ತದಾ ಅಂತ ಕೇಳಿದ್ದೀರಿ. ನಾನು ಕುಮಟಾದಲ್ಲಿ ಅಕ್ಕಿ ವ್ಯಾಪಾರ ಮಾಡುವವನು. ಘಟ್ಟದ ಮೇಲಿನ ಭತ್ತ ಕೊಂಡು, ಮಿಲ್ ಮಾಡಿಸಿ ಮಾರುತ್ತೇನೆ. ನೀವು ಮಾರುವವರು, ನಾನು ಕೊಳ್ಳುವವನು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ. ಲೆಕ್ಕ ಮಾತ್ರ ಇದ್ದ ಹಾಗೆ ಹೇಳುತ್ತೇನೆ.

ಊಟಕ್ಕೆ, ಬೀಜಕ್ಕೆ ಬೇಕಾದಷ್ಟು ಭತ್ತ ಇಟ್ಟುಕೊಳ್ಳಿ. ಉಳಿದದ್ದನ್ನು ಸುಮ್ನೆ ಆಸೆಗೆ ಬಿದ್ದು ಕೂಡಿಡಬೇಡಿ.

ಕೂಡಿಟ್ಟವರಿಗೆ ಲಾಭವಾಗಿದ್ದು 2023ರಲ್ಲಿ. ಆ ವರ್ಷ ಜುಲೈ 20ಕ್ಕೆ ಕೇಂದ್ರ ಸರ್ಕಾರ ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ. 40 ನಮ್ಮ ದೇಶದ್ದು. ಹಾಗಾಗಿ ಥಾಯ್ಲೆಂಡ್ ಅಕ್ಕಿ ಟನ್ನಿಗೆ 600 ಡಾಲರ್ ದಾಟಿತು. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ ನಮ್ಮ ರಾಜ್ಯ ಸರ್ಕಾರ ತಲೆಗೆ 170 ರೂಪಾಯಿ ಹಣ ಕೊಡಬೇಕಾಯಿತು. ಅಂಗಡಿಗಳಲ್ಲಿ ಅಕ್ಕಿಗೆ ಬೇಡಿಕೆ ಜಾಸ್ತಿ ಇತ್ತು.

ಈಗ ಎಲ್ಲವೂ ತಿರುಗಿದೆ. ನಿಷೇಧ 2024ರ ಸೆಪ್ಟೆಂಬರಿನಲ್ಲೇ ಹೋಯಿತು. 2024-25ರಲ್ಲಿ ದೇಶದ ಅಕ್ಕಿ ಉತ್ಪಾದನೆ ಸುಮಾರು 15 ಕೋಟಿ ಟನ್ ಮುಟ್ಟಿತು, ಅದು ದಾಖಲೆ. ಸರ್ಕಾರಿ ಗೋದಾಮುಗಳಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಅಕ್ಕಿ ಇದೆ. ಹೊರಗೂ ರೇಟ್ ಬಿತ್ತು: ಫಿಲಿಪ್ಪೀನ್ಸ್ 2025ರ ಸೆಪ್ಟೆಂಬರಿನಿಂದ ಆ ವರ್ಷದ ಕೊನೆವರೆಗೆ ಆಮದನ್ನೇ ನಿಲ್ಲಿಸಿತು, ಥಾಯ್ ಅಕ್ಕಿ 400 ಡಾಲರಿಗಿಂತ ಕೆಳಗಿಳಿಯಿತು. 2025ರ ಫೆಬ್ರವರಿಯಿಂದ ಅನ್ನಭಾಗ್ಯದಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ಸಾಧಾರಣ ಬಿಳಿ ಅಕ್ಕಿಯನ್ನು ದುಡ್ಡು ಕೊಟ್ಟು ಒಯ್ಯುವವರು ಅಷ್ಟಕ್ಕೆ ಅಷ್ಟು ಕಡಿಮೆಯಾದರು.

ಇನ್ನು ತೂಕದ ವಿಷಯ. ಇದನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಶೇ. 20 ತೇವ ಇರುವ 100 ಕೆಜಿ ಭತ್ತ ಒಣಗಿ ಶೇ. 14ಕ್ಕೆ ಬಂದರೆ 93 ಕೆಜಿ ಆಗುತ್ತದೆ. ಇವತ್ತು ಹಸಿ ಭತ್ತ ಕ್ವಿಂಟಲ್‌ಗೆ 2,000ಕ್ಕೆ ಹೋಗುತ್ತಿದ್ದರೆ, ಬೇಸಿಗೆಯಲ್ಲಿ 2,150 ಸಿಕ್ಕರೂ ನಿಮಗೆ ಬಂದಿದ್ದು ಅಷ್ಟೇ ಹಣ. ಇಲಿ, ಹುಳು, ಸೊಸೈಟಿ ಸಾಲದ ಬಡ್ಡಿ ಇನ್ನೂ ಬೇರೆ.

ಒಣಗಿಸಿ ಸರ್ಕಾರಿ ಖರೀದಿ ಕೇಂದ್ರಕ್ಕೆ ಕೊಡಲು ಆಗುತ್ತದಾ ನೋಡಿ. 2025-26ಕ್ಕೆ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ 2,369, ಎ ಗ್ರೇಡಿಗೆ 2,389. ತೇವ ಶೇ. 17 ದಾಟಬಾರದು. ಫ್ರೂಟ್ಸ್ ಐಡಿಯಲ್ಲಿ (ರಾಜ್ಯ ಸರ್ಕಾರದ ರೈತರ ನೋಂದಣಿ ಸಂಖ್ಯೆ) ನಿಮ್ಮ ಸರ್ವೆ ನಂಬರಿನ ಬೆಳೆ ಸರಿಯಾಗಿ ದಾಖಲಾಗಿರಬೇಕು. ಗದ್ದೆ ಇನ್ನೂ ಅಪ್ಪನ ಅಥವಾ ಅಣ್ಣನ ಹೆಸರಿನಲ್ಲಿದ್ದರೆ ಆ ಕೆಲಸ ಮೊದಲು ನೋಡಿ. ಈ ಒಂದು ಕಾರಣಕ್ಕೇ ಎಷ್ಟೋ ಜನ ಕಡಿಮೆ ರೇಟಿಗೆ ನಮ್ಮಂಥವರಿಗೆ ಕೊಟ್ಟು ಹೋಗುತ್ತಾರೆ. ನೋಡಿದರೆ ಬೇಸರವಾಗುತ್ತದೆ.

ಗೋವಿನಜೋಳದ ದಾರಿಯೇ ಬೇರೆ. ಅದರ ರೇಟ್ ಈಗ ಕೋಳಿ ಆಹಾರ ಮತ್ತು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎರಡರ ಮೇಲೆ ನಿಂತಿದೆ. ಎಥೆನಾಲ್ ಬೇಡಿಕೆಯಿಂದ ರೇಟ್ ಚೆನ್ನಾಗಿತ್ತು, ಅದನ್ನು ನೋಡಿ ಎಲ್ಲರೂ ಬಿತ್ತಿದರು. ಅದೇ ಹೊತ್ತಿಗೆ ಸರ್ಕಾರ ತನ್ನ ಗೋದಾಮಿನ ಅಕ್ಕಿಯನ್ನು ಎಥೆನಾಲ್ ಕಾರ್ಖಾನೆಗಳಿಗೆ ಕ್ವಿಂಟಲ್‌ಗೆ 2,250ರಂತೆ ಕೊಟ್ಟಿತು. ಟನ್ ಅಕ್ಕಿಯಿಂದ ಜೋಳಕ್ಕಿಂತ ಜಾಸ್ತಿ ಎಥೆನಾಲ್ ಬರುತ್ತದೆ. ಹಾಗಿದ್ದ ಮೇಲೆ ಕಾರ್ಖಾನೆಯವರು ಜೋಳಕ್ಕೆ ಹೆಚ್ಚು ಕೊಡುವುದು ಯಾಕೆ, ಅಲ್ವಾ? 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2,400 ಇದ್ದರೂ ಹಾವೇರಿ, ಗದಗ ಕಡೆ 1,600-1,800ಕ್ಕೆ ಇಳಿದು ರೈತರು ಬೀದಿಗಿಳಿದರು. ಜೋಳಕ್ಕೆ ಭತ್ತಕ್ಕಿಂತ ಬೇಗ ಹುಳ ಹಿಡಿಯುತ್ತದೆ, ತೇವ ಉಳಿದರೆ ಬೂಸ್ಟು ಬರುತ್ತದೆ. ಬೂಸ್ಟು ಬಂದ ಜೋಳವನ್ನು ಕೋಳಿ ಆಹಾರದವರು ಮುಟ್ಟುವುದಿಲ್ಲ. ಶೇ. 14ಕ್ಕೆ ಒಣಗಿಸಿ, ಕಂತುಕಂತಾಗಿ ಮಾರಿ ಮುಗಿಸಿ.

ಮಳೆ ಕೈಕೊಟ್ಟರೆ ಲೆಕ್ಕ ಬದಲಾಗುತ್ತದೆ, ನಿಜ. ಆದರೆ ಅದು ಗೊತ್ತಾಗುವುದು ಜುಲೈಗೆ. ಅಲ್ಲಿವರೆಗೆ ಚೀಲ ಕಾಯುವ ಶಕ್ತಿ ಎರಡೆಕರೆಯವರಿಗೆ ಇರುವುದಿಲ್ಲ.

ನಿಮ್ಮ ಭತ್ತ ಕೆಂಪಕ್ಕಿಯ ನಾಟಿ ತಳಿಯಾದರೆ ಮಾತ್ರ ಇಷ್ಟೂ ಲೆಕ್ಕ ಬಿಡಿ. ನಮ್ಮ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗದಂಥ ಭತ್ತ ಬರುವುದೇ ಸ್ವಲ್ಪ. ಅದಕ್ಕೆ ಗೋದಾಮಿನ ಬಿಳಿ ಅಕ್ಕಿ ಪೈಪೋಟಿಯಲ್ಲ. ಅಂಥದ್ದನ್ನು ಕುಚ್ಚಲಕ್ಕಿ ಮಾಡಿಸಿ ಗೊತ್ತಿದ್ದ ಮನೆಗಳಿಗೆ ವರ್ಷವಿಡೀ ಮಾರಬಹುದು. ನಿಮ್ಮದು ಯಾವ ತಳಿ, ತೇವ ಎಷ್ಟಿದೆ ಅಂತ ಬರೆಯಿರಿ. ಇನ್ನಷ್ಟು ಸರಿಯಾಗಿ ಹೇಳುತ್ತೇನೆ.