ಸಂಪಾದಕರ ಉತ್ತರ: ಕನ್ನಡಕ ಕೊಡೋಕೆ ಕಲಿಯೋರಿಗೆ ಸಂಘ ಯಾಕೆ?

ಆಪ್ಟೋಮೆಟ್ರಿ, ಅಂದ್ರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡೋ ಓದು, ಅದರ ಎರಡನೇ ವರ್ಷದಲ್ಲಿರೋ ಓದುಗರೊಬ್ಬರು ಬರೆದಿದಾರೆ. ಪತ್ರ ಉದ್ದ ಇದೆ, ಸಾರ ಇಷ್ಟು. ಅವರ ಕಾಲೇಜಲ್ಲಿ ವಿದ್ಯಾರ್ಥಿಗಳೇ ನಡೆಸೋ ಒಂದು ಕ್ಲಬ್ ಇದೆ, ಅದಕ್ಕೆ ಸೇರಿದ್ರೆ ವೃತ್ತಿ ಸಂಘದ ಸ್ಟೂಡೆಂಟ್ ಮೆಂಬರ್‌ಶಿಪ್ಪೂ ಸಿಗುತ್ತೆ. ಸೀನಿಯರ್‌ಗಳು ಬಂದು "ಈ ವರ್ಷ ಖಜಾಂಚಿ ನೀನೇ" ಅಂತ ಹೇಳಿ ಹೋಗಿದಾರೆ, ಕೇಳಿಲ್ಲ, ಹೇಳಿದಾರೆ ಅಷ್ಟೇ. ಅಪ್ಪ "ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡ, ಮಾರ್ಕ್ಸ್ ನೋಡ್ಕೋ" ಅಂತಿದಾರೆ. ಆಪ್ಟಿಕ್ಸ್ ಪೇಪರ್ ತಲೆ ಮೇಲೆ ಕೂತಿರೋವಾಗ ಮೀಟಿಂಗು, ಬ್ಯಾನರು, ಚಂದಾ ಎಲ್ಲ ಯಾಕೆ ಅಂತ ಇವರಿಗೂ ಅನ್ಸಿದೆ. ಕೊನೇ ಸಾಲು ಹೀಗಿದೆ: "ಕನ್ನಡಕ ಕೊಡೋಕೆ ಕಲಿಯಕ್ಕೆ ಬಂದವಳಿಗೆ ಸಂಘ ಯಾಕೆ ಸಾರ್?"

ತಂಗೀ, ನಿಮ್ಮ ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಕ್ಲಬ್‌ಗಳು ಬೇಕಾದಷ್ಟಿವೆ, ಅಧ್ಯಕ್ಷ ಉಪಾಧ್ಯಕ್ಷ ಜಂಟಿ ಕಾರ್ಯದರ್ಶಿ ಎಲ್ಲ ರೆಡಿ, ಕೆಲಸ ಏನು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಅಂಥ ಕಡೆ ಇದ್ರೆ ಆಚೆ ಬನ್ನಿ. ಪರೀಕ್ಷೆ ಹಿಂದಿನ ವಾರ ಮೀಟಿಂಗ್ ಕರೆಯೋರಿಗೆ ಸೊಪ್ಪು ಹಾಕ್ಬೇಡಿ. ಆಯ್ತಾ? ಅಪ್ಪನ ಪರವಾಗಿ ಹೇಳೋದು ಅಲ್ಲಿಗೆ ಮುಗೀತು.

ಈಗ ಆ ಕೊನೇ ಸಾಲಿಗೆ ಬರೋಣ, ಅದು ನನ್ನ ಎರಡು ದಿನ ಕಾಡಿದೆ. ನೀವು ಪ್ರೆಂಟಿಸ್ ನಿಯಮ ಓದಿರ್ತೀರಿ, ಲೆನ್ಸಿನ ಪವರ್ ಇಂಟು ಅದರ ನಡುಭಾಗ ಕಣ್ಣಿನ ನೇರದಿಂದ ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅಷ್ಟು, ಬಂದ ಉತ್ತರ ಪ್ರಿಸಂ, ಅಂದ್ರೆ ಬೆಳಕು ಎಷ್ಟು ಬಾಗುತ್ತೆ ಅನ್ನೋ ಲೆಕ್ಕ. ಬಾಯಿಪಾಠ ಆಗಿರುತ್ತೆ. ಆದ್ರೆ ಆ ಪ್ರೆಂಟಿಸ್ ಯಾರು ಅಂತ ಯಾವತ್ತಾದ್ರೂ ಕೇಳಿದೀರಾ? ಚಾರ್ಲ್ಸ್ ಪ್ರೆಂಟಿಸ್, ನ್ಯೂಯಾರ್ಕಿನೋನು, ಓದಿದ್ದು ಇಂಜಿನಿಯರಿಂಗು, ಮಾಡ್ತಿದ್ದಿದ್ದು ಕನ್ನಡಕದ ಕೆಲಸ. 1892ರಲ್ಲಿ ತನ್ನ ಹತ್ರ ಬಂದ ಒಬ್ಬರನ್ನ ಕಣ್ಣಿನ ಡಾಕ್ಟರ್ ಹೆನ್ರಿ ನೋಯ್ಸ್ ಹತ್ರ ಕಳಿಸ್ತಾನೆ, ಜೊತೆಗೊಂದು ಕಾಗದ ಬರೀತಾನೆ, ಇವತ್ತು ನೀವು ರೆಫರಲ್ ಲೆಟರ್ ಅಂತೀರಲ್ಲ ಅದೇ. ಡಾಕ್ಟರ್‌ದು ಉತ್ತರ ಬಂತು. ಆಮೇಲೆ ಗಲಾಟೆ ಶುರುವಾಗಿದ್ದು ಕಾಯಿಲೆ ವಿಷಯಕ್ಕಲ್ಲ, ದುಡ್ಡಿನ ವಿಷಯಕ್ಕೆ. ಕಣ್ಣು ಪರೀಕ್ಷೆ ಮಾಡಿದ್ದಕ್ಕೆ ಅಂತ ಪ್ರೆಂಟಿಸ್ ಮೂರು ಡಾಲರ್ ಫೀಸು ತಗೋತಿದ್ದ. ಕನ್ನಡಕ ಮಾರು, ಅದಕ್ಕೆ ದುಡ್ಡು ತಗೋ, ಸಲಹೆಗೆ ಫೀಸು ತಗೊಳ್ಳೋಕೆ ನೀನ್ಯಾರು, ಇದು ಡಾಕ್ಟರ್‌ಗಳ ತಕರಾರು.

ಒಬ್ಬನೇ ಇದ್ದಿದ್ರೆ ಏನಾಗ್ತಿತ್ತು? ಫೀಸು ತಗೊಳ್ಳೋದು ಬಿಟ್ಟು ತೆಪ್ಪಗೆ ಫ್ರೇಮ್ ಮಾರ್ಕೊಂಡು ಇರ್ತಿದ್ದ. ಅವನು ಹಾಗ್ ಮಾಡ್ಲಿಲ್ಲ, ಜನ ಸೇರಿಸ್ದ, ಸಂಘ ಕಟ್ದ, ಕಾನೂನು ಬೇಕು ಅಂತ ಬೆನ್ನು ಹತ್ತಿದ. 1898ರಲ್ಲಿ ಅಮೆರಿಕಕ್ಕೆಲ್ಲ ಸೇರಿ ಒಂದು ಸಂಘ ಆಯ್ತು, ಅದೇ ಇವತ್ತಿನ ಅಮೆರಿಕನ್ ಆಪ್ಟೋಮೆಟ್ರಿಕ್ ಅಸೋಸಿಯೇಷನ್. 1901ರಲ್ಲಿ ಮಿನೆಸೋಟ ರಾಜ್ಯದಲ್ಲಿ ಮೊದಲ ಆಪ್ಟೋಮೆಟ್ರಿ ಕಾನೂನು ಬಂತು. ಪ್ರೆಂಟಿಸ್‌ನ ಸ್ವಂತ ನ್ಯೂಯಾರ್ಕಿಗೆ ಬರೋಕೆ 1908 ಆಯ್ತು ನೋಡಿ. ಅಷ್ಟು ವರ್ಷ ಯಾರೋ ಮೀಟಿಂಗ್ ಕರೆದಿದಾರೆ, ಯಾರೋ ನಡಾವಳಿ ಬರೆದಿದಾರೆ, ಯಾರೋ ಚಂದಾ ಎತ್ತಿ ಅಂಚೆ ಖರ್ಚಿಗೆ ಲೆಕ್ಕ ಇಟ್ಟಿದಾರೆ. ಆ ಖಜಾಂಚಿಗಳ ಹೆಸರು ನಿಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇಲ್ಲ, ಪ್ರಿಸಂ ಲೆಕ್ಕ ಮಾತ್ರ ಇದೆ.

ಇನ್ನೂ ಹಿಂದಕ್ಕೆ ಹೋಗ್ಲಾ? ಲಂಡನ್ನಿನಲ್ಲಿ ಕನ್ನಡಕ ಮಾಡೋರ ಸಂಘಕ್ಕೆ 1629ರಲ್ಲೇ ರಾಜನ ಸನ್ನದು ಸಿಕ್ಕಿತ್ತು. 1671ರಲ್ಲಿ ಒಂದು ಸಲ ಅವರ ಕೈಗೆ ಇಪ್ಪತ್ತೆರಡು ಡಜನ್ ಕಳಪೆ ಕನ್ನಡಕ ಸಿಕ್ಕಿಬಿತ್ತು, ಗಾಜೂ ಕೆಟ್ಟದ್ದು ಫ್ರೇಮೂ ಕೆಟ್ಟದ್ದು. ಏನ್ ಮಾಡಿದ್ರು ಗೊತ್ತಾ, ಬೀದಿಗೆ ತಗೊಂಡೋಗಿ ಲಂಡನ್ ಸ್ಟೋನ್ ಅನ್ನೋ ಕಲ್ಲಿನ ಮೇಲಿಟ್ಟು ಸುತ್ತಿಗೇಲಿ ಕುಟ್ಟಿ ಪುಡಿ ಮಾಡಿದ್ರು. ಇದನ್ನ ಓದಿದಾಗ ನನಗಾದ ಖುಷಿ ಹೇಳತೀರದು! ತಮ್ಮ ಕಸುಬಿನ ಕಳಪೆ ಮಾಲನ್ನ ತಾವೇ ಒಡೆಯೋ ಧೈರ್ಯ ಒಂಟಿ ಮನುಷ್ಯನಿಗೆ ಬರಲ್ಲ. ನಮ್ಮ ಬರಹಗಾರರ ಸಂಘಕ್ಕೂ ಅಂಥದ್ದೊಂದು ಕಲ್ಲು ಬೇಕು ಅಂತ ಒಂದು ಸಲ ಸಭೇಲಿ ಹೇಳಿದ್ದೆ, ಆಮೇಲೆ ನನ್ನನ್ನ ಕರೆಯೋದೇ ಬಿಟ್ರು, ಇರ್ಲಿ.

ಅದೆಲ್ಲ ದೊಡ್ಡೋರ ಸಂಘ, ಹುಡುಗರ ಕ್ಲಬ್ಬಲ್ಲಿ ಏನಿದೆ ಅಂತೀರಾ? ಅಮೆರಿಕದ ಆಪ್ಟೋಮೆಟ್ರಿ ವಿದ್ಯಾರ್ಥಿಗಳು 1968ರಲ್ಲೇ ತಮ್ಮದೇ ರಾಷ್ಟ್ರೀಯ ಸಂಘ ಮಾಡ್ಕೊಂಡ್ರು. ಅಲ್ಲಿ ಕರಿಯ ಆಪ್ಟೋಮೆಟ್ರಿಸ್ಟ್‌ಗಳು 1969ರಲ್ಲಿ ಬೇರೆಯೇ ಒಂದು ಸಂಘ ಕಟ್ಟಿದ್ರು, ಅದಕ್ಕೂ ವಿದ್ಯಾರ್ಥಿ ವಿಭಾಗ ಇದೆ. ಬಡವರ ಕಣ್ಣು ನೋಡೋಕೆ ಊರೂರು ಸುತ್ತೋ ವಿದ್ಯಾರ್ಥಿ ತಂಡಗಳಿವೆ, ಸ್ವಂತ ಪ್ರಾಕ್ಟೀಸ್ ಇಡೋದು ಹೇಗೆ ಅಂತ ಕಲಿಸೋ ಕ್ಲಬ್ಬಿದೆ, ಆಟಗಾರರ ದೃಷ್ಟಿಗೆ ಅಂತಾನೇ ಕ್ಲಬ್ಬಿದೆ. ಹೆಸರು ಪಟ್ಟಿ ಬಿಡಿ, ಒಂದು ಸಂಜೆ ಕಣ್ಣಾರೆ ಕಂಡಿದ್ದು ಹೇಳ್ತೀನಿ.

ಪರಿಚಯದ ಹುಡುಗಿಯೊಬ್ಬಳು ಇಂಥದೇ ಕ್ಲಬ್ಬಿನ ಪ್ರಾಕ್ಟೀಸ್ ಸಂಜೆಗೆ ನನ್ನನ್ನ ಎಳ್ಕೊಂಡು ಹೋಗಿದ್ಲು, ಅವರಿಗೆ ವಯಸ್ಸಾದ ಕಣ್ಣು ಬೇಕಿತ್ತಂತೆ. ಲೈಟ್ ಆಫ್, ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮು, ಲೆನ್ಸ್ ಬದಲಾಯಿಸಿ ಬದಲಾಯಿಸಿ ನೋಡೋ ಫ್ರೇಮು ಅದು. ಮೊದಲ ವರ್ಷದ ಹುಡುಗ ರೆಟಿನೋಸ್ಕೋಪ್, ಅಂದ್ರೆ ಬೆಳಕು ಬಿಟ್ಟು ಕಣ್ಣಿನ ನಂಬರ್ ಕಂಡುಹಿಡಿಯೋ ಉಪಕರಣ, ಹಿಡ್ಕೊಂಡು ನನ್ನ ಕಣ್ಣಿಗೆ ಬೆಳಕಿನ ಗೆರೆ ಬಿಟ್ಟು ಆಚೀಚೆ ಆಡಿಸ್ತಿದಾನೆ, ಕೈ ನಡುಗ್ತಿದೆ. "ವಿತ್ ಬರ್ತಿದೆ ಅಕ್ಕ, ಪ್ಲಸ್ ಹಾಕ್ಲಾ?" ಅಂತ ಕೇಳ್ದ. ಗೆರೆ ಆಡಿಸಿದ ಕಡೆಗೇ ಕಣ್ಣೊಳಗಿನ ಬೆಳಕೂ ಸರಿದ್ರೆ ಅದಕ್ಕೆ ವಿತ್ ಅಂತಾರೆ, ಆಗ ಪ್ಲಸ್ ಲೆನ್ಸ್ ಹಾಕ್ಬೇಕು. ಅವನಿಗಿಂತ ಒಂದು ವರ್ಷ ದೊಡ್ಡೋಳು, ಮೇಡಂ ಅಲ್ಲ, ಪ್ರೊಫೆಸರ್ ಅಲ್ಲ, ಪಕ್ಕದಲ್ಲಿ ನಿಂತು "ಮೊದ್ಲು ನೀನೆಲ್ಲಿದೀಯ ನೋಡ್ಕೋ, ಮುಂದೆ ಮುಂದೆ ಹೋಗ್ತಿದೀಯ" ಅಂದು ಒಂದು ದಾರದ ತುಂಡು ತೆಗೆದು ಅವನ ಉಪಕರಣದಿಂದ ನನ್ನ ಕೆನ್ನೇವರೆಗೂ ಹಿಡಿದು ತೋರಿಸಿದ್ಲು. ಅರವತ್ತಾರು, ಅರವತ್ತೇಳು ಸೆಂಟಿಮೀಟರ್ ದೂರಕ್ಕೆ ಕಟ್ ಮಾಡಿದ ದಾರ ಅದು. ಅಷ್ಟು ದೂರ ಕೂತ್ರೆ ಕೊನೇಲಿ ಬಂದ ನಂಬರಿಂದ ಒಂದೂವರೆ ಡಯಾಪ್ಟರ್ (ಲೆನ್ಸಿನ ಪವರ್ ಅಳೆಯೋ ಮಾನ) ಕಳೀಬೇಕು, ದೂರ ತಪ್ಪಿದ್ರೆ ಕಳೆಯೋ ಲೆಕ್ಕಾನೂ ತಪ್ಪು. ಕ್ಲಾಸಲ್ಲಿ ಅದನ್ನ ಬೋರ್ಡ್ ಮೇಲೆ ಬರೆದಿರ್ತಾರೆ, ಹುಡುಗ ಎಕ್ಸಾಮಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದನಂತೆ. ಮೇಷ್ಟ್ರ ಎದುರು "ನನಗೆ ಗೆರೆ ಕಾಣ್ತಾನೇ ಇಲ್ಲ" ಅಂತ ಹೇಳೋಕೆ ಬಾಯಿ ಬರಲ್ಲ, ಒಂದು ವರ್ಷ ದೊಡ್ಡೋಳ ಎದುರು ಬರುತ್ತೆ. ನನ್ನ ಕಣ್ಣಿನ ನಂಬರ್ ಅವನು ಕೊನೆಗೂ ತಪ್ಪೇ ಹೇಳ್ದ, ಅದು ಬೇರೆ ಮಾತು.

ಅದೇ ಸಂಜೆ ಒಂದು ಜಗಳಾನೂ ನೋಡ್ದೆ, ಚಂದದ ಜಗಳ. ಹಳೇ ಕನ್ನಡಕ ಕಲೆಕ್ಟ್ ಮಾಡಿ ದಾನ ಮಾಡೋಣ ಅಂತ ಒಬ್ಬ ಬಾಕ್ಸ್ ಬೇರೆ ಮಾಡ್ಕೊಂಡು ಬಂದಿದ್ದ. ಇನ್ನೊಬ್ಬಳು ಎದ್ದು, 2012ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಹಾಗೆ ದಾನ ಬಂದ ಕನ್ನಡಕದಲ್ಲಿ ನೂರಕ್ಕೆ ಏಳು ಮಾತ್ರ ಮತ್ತೆ ಬಳಸೋ ಸ್ಥಿತೀಲಿರುತ್ತೆ, ಅದನ್ನ ತೊಳೆದು ನಂಬರ್ ನೋಡಿ ಬೇರೆ ಮಾಡೋ ಖರ್ಚಲ್ಲಿ ಹೊಸ ರೆಡಿ ರೀಡಿಂಗ್ ಗ್ಲಾಸ್ ಕೊಡಬಹುದು ಅಂದ್ಲು. ಅವನ ಮುಖ ಬಾಡಿ ಹೋಯ್ತು ಪಾಪ. ಅರ್ಧ ಗಂಟೆ ವಾದ ಆಗಿ, ಬಾಕ್ಸನ್ನ ಪೇಪರ್ ಹಾಕೋಕೆ ಇಟ್ಕೊಂಡ್ರು. ಒಳ್ಳೇದು ಮಾಡ್ತೀನಿ ಅಂತ ಹೊರಟೋನಿಗೆ ಹತ್ತು ಜನರ ಮುಂದೆ ಲೆಕ್ಕ ಕೇಳೋ ಜಾಗ ಅದು, ಅಂಥ ಜಾಗ ನಮ್ಮ ಸುತ್ತ ಎಷ್ಟಿವೆ ಹೇಳಿ.

ನನ್ನ ಹಳೇ ನೋವು ಇಲ್ಲೇ ಇರೋದು. ಎಲ್ಲರಿಗೂ ಸರ್ಟಿಫಿಕೇಟ್ ಬೇಕು, ಕುರ್ಚಿ ಜೋಡಿಸೋಕೆ ಯಾರೂ ಬೇಡ. ಗ್ರೂಪ್‌ಗೆ ಸೇರಿ ಹೆಬ್ಬೆರಳು ಒತ್ತಿದ್ರೆ ಸದಸ್ಯತ್ವ ಆಯ್ತು ಅಂತ ತಿಳ್ಕೊಂಡಿದಾರೆ. ನಾನು ಕಾಲೇಜಲ್ಲಿ ಒಂದು ಸಂಘದ ಕಾರ್ಯದರ್ಶಿ ಆಗಿದ್ದೆ, ಭಾಷಣ ಮಾಡೋಕೆ ಹದಿನೈದು ಜನ, ನಡಾವಳಿ ಪುಸ್ತಕಕ್ಕೆ ಸಹಿ ಹಾಕೋಕೆ ಒಬ್ಬರೂ ಇಲ್ಲ. ಮೂರನೇ ವರ್ಷಕ್ಕೆ ಲೆಕ್ಕದ ಪುಸ್ತಕ ಮಾಯ, ನಾಲ್ಕನೇ ವರ್ಷಕ್ಕೆ ಸಂಘವೇ ಮಾಯ. ಕೊನೇ ಸಲ ಪುಸ್ತಕ ನೋಡಿದ್ದು ನಾನೇ ಅಂತ ಇವತ್ತಿಗೂ ಹೇಳೋರಿದಾರೆ. ನನ್ನ ಹತ್ರ ಇಲ್ಲ.

ಇನ್ನು "ಕನ್ನಡಕ ಕೊಡೋಕೆ" ಅಂದ್ರಲ್ಲ, ಅದಕ್ಕೆ ಸ್ವಲ್ಪ ಬೈಬೇಕು. ನಿಮ್ಮ ಕೆಲಸಾನ ನೀವೇ ಇಷ್ಟು ಚಿಕ್ಕದು ಮಾಡಿದ್ರೆ ಬೇರೆಯವರು ಏನು ಮಾಡ್ಬೇಕು? ದೂರದ್ದು ಕಾಣಲ್ಲ ಅನ್ನೋರಲ್ಲಿ ಬರೀ ಕನ್ನಡಕದಿಂದ ಸರಿಹೋಗೋರಿಗೂ ಸರಿಯಾದ ಕನ್ನಡಕ ಸಿಕ್ಕಿರೋದು ಜಗತ್ತಲ್ಲಿ ನೂರಕ್ಕೆ ಮೂವತ್ತಾರು ಜನಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತ್ತು. ಮಿಕ್ಕ ಅರವತ್ನಾಲ್ಕು ಜನ ನಿಮ್ಮ ಮಾರ್ಕ್ಸ್ ಕಾರ್ಡ್ ನೋಡ್ಕೊಂಡು ಬರಲ್ಲ, ನೀವು ಹತ್ತು ಜನ ಸೇರಿ ಚಾರ್ಟು ಟೇಪು ಹಿಡ್ಕೊಂಡು ಅವರಿದ್ದಲ್ಲಿಗೆ ಹೋಗ್ಬೇಕು. ಒಂಟಿಯಾಗಿ ಹೋಗಿ ನೋಡಿ, ಆರು ಮೀಟರ್ ಅಳೆಯೋಕೆ ಟೇಪಿನ ಇನ್ನೊಂದು ತುದಿ ಹಿಡಿಯೋರೂ ಇರಲ್ಲ.

ಒಂದು ಎಚ್ಚರಿಕೆ ಮಾತ್ರ, ಖಜಾಂಚಿ ಅಂತ ಹೇಳ್ತಿದೀನಿ. ಲೆನ್ಸ್ ಕಂಪನಿಯವರು ಊಟ ಹಾಕ್ತೀವಿ, ಬ್ಯಾನರ್ ಕೊಡ್ತೀವಿ ಅಂತ ಬರ್ತಾರೆ. ಊಟ ಮಾಡಿ, ಆದ್ರೆ ಯಾರು ಕೊಟ್ರು ಎಷ್ಟು ಕೊಟ್ರು ಅಂತ ಅವತ್ತೇ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಪುಸ್ತಕ ಹಾಸ್ಟೆಲ್ ರೂಮಲ್ಲಿ ಇಟ್ಕೋಬೇಡಿ, ಪ್ರತಿ ಪುಟದಲ್ಲೂ ಇನ್ನೊಬ್ಬರ ಸಹಿ ಇರ್ಲಿ.

ಅಪ್ಪನಿಗೆ ಈ ಉತ್ತರ ತೋರಿಸಿ, ಬೈದ್ರೆ ನನ್ನ ಮೇಲೆ ಹಾಕಿ. ಮೊದಲ ತಿಂಗಳ ಲೆಕ್ಕ ಮುಗಿದ ಮೇಲೆ ಇನ್ನೊಂದು ಪತ್ರ ಬರೀರಿ, ಈ ಸಲ ದಿನಾಂಕ ಹಾಕಿ, ಖಜಾಂಚಿ ಆಗೋರು ದಿನಾಂಕ ಮರೆಯೋದಾ?

— ಸಂ.