ಗುಂಡಿಮಗ್ಗದ ಮಣೆ, ಬೆಳಕು ಮತ್ತು ಹಿರಿಯ ನೇಕಾರರ ಬೆನ್ನು

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ 67 ವರ್ಷ. ಚಿಕ್ಕಂದಿನಿಂದ ಗುಂಡಿಮಗ್ಗದಲ್ಲೇ (ಕಾಲು ಇಳಿಬಿಡಲು ನೆಲದಲ್ಲಿ ಗುಂಡಿ ತೋಡಿದ ಕೈಮಗ್ಗ) ನೇಯುತ್ತಿದ್ದಾರೆ. ಎರಡು ವರ್ಷಗಳಿಂದ ಸೊಂಟನೋವು ಹೆಚ್ಚಾಗಿದೆ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಹರಿದ ಎಳೆ ಕಾಣಿಸುವುದಿಲ್ಲವೆಂದು ಮಗ್ಗದ ಮೇಲೆ ಬಾಗಿಕೊಂಡೇ ಕೂರುತ್ತಾರೆ. ನೇಯುವುದನ್ನು ಬಿಡಿ ಎಂದರೆ ಕೇಳುವುದಿಲ್ಲ. ಏನು ಮಾಡಬಹುದು?

ಉತ್ತರ: ಮಗ್ಗ ಬಿಡಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ಒಂದಕ್ಕೊಂದು ಹೆಣೆದುಕೊಂಡಿವೆ: ಎಳೆ ಕಾಣದ್ದರಿಂದ ಅವರು ಬಾಗುತ್ತಾರೆ, ದಿನವಿಡೀ ಬಾಗಿ ಕೂತದ್ದರಿಂದ ಸೊಂಟ ನೋಯುತ್ತದೆ. ಆದ್ದರಿಂದ ಎಲ್ಲರೂ ಕೊನೆಗೆ ನೆನೆಯುವ ಕಣ್ಣಿನಿಂದಲೇ ಆರಂಭಿಸೋಣ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಹೀಗಾಗಿ 20ರ ಹರೆಯದವರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ 60 ದಾಟಿದವರ ಅಕ್ಷಿಪಟಲವನ್ನು ಮುಟ್ಟುತ್ತದೆ. ನಿಮಗೆ ಸಾಕೆನಿಸುವ ದೀಪ ಅವರಿಗೆ ಸಾಲದು. ತಲೆಯ ಹಿಂದಿರುವ ಒಂದೇ ದೀಪದಿಂದ ಅವರ ನೆರಳೇ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ) ಮೇಲೆ ಬೀಳುತ್ತದೆಯಾದ್ದರಿಂದ, ಮಗ್ಗದ ಎರಡೂ ಬದಿಯಿಂದ, ಕಣ್ಣಿಗೆ ನೇರವಾಗಿ ಹೊಡೆಯದಂತೆ ಒಂದೊಂದು ದೀಪ ಇಳಿಬಿಡಿ. ಹಾಸು ಕಪ್ಪು ಅಥವಾ ಕಡು ಬಣ್ಣದ್ದಾಗಿದ್ದರೆ ಅದರ ಕೆಳಗೆ ಒಂದು ಬಿಳಿ ಬಟ್ಟೆ ಹರಡಿ ನೋಡಿ. ಹರಿದ ಎಳೆ ಎದ್ದು ಕಾಣುತ್ತದೆ.

ಕನ್ನಡಕದ ವಿಷಯದಲ್ಲಿ ನಡೆಯುವ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಓದುವ ಕನ್ನಡಕವನ್ನು ಸಾಮಾನ್ಯವಾಗಿ 35ರಿಂದ 40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿರುತ್ತಾರೆ. ಬೆನ್ನು ನೆಟ್ಟಗಿಟ್ಟು ಕೂತ ನೇಕಾರರ ಕಣ್ಣಿಗೂ ನೇಯ್ಗೆಯ ಅಂಚಿಗೂ ಇರುವ ಅಂತರ ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಅವರನ್ನು ಬಾಗಿಸುತ್ತಿರುವುದು ಕನ್ನಡಕವೇ ಆಗಿರಬಹುದು. ತಂದೆಯವರನ್ನು ನೆಟ್ಟಗೆ ಕೂರಿಸಿ, ಆ ಅಂತರವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು, ಕಣ್ಣಿನ ವೈದ್ಯರಿಗೆ ತೋರಿಸಿ, ಆ ದೂರಕ್ಕೇ ಒಂದು ಪ್ರತ್ಯೇಕ ಕನ್ನಡಕ ಕೇಳಿ. ಪೊರೆ ಬಂದಿದೆಯೇ ಎಂಬುದೂ ಅದೇ ಭೇಟಿಯಲ್ಲಿ ತಿಳಿಯುತ್ತದೆ.

ಇನ್ನು ಕೂರುವ ಮಣೆ. ಅವರು ನೇಯುವಾಗ ಪಕ್ಕದಲ್ಲಿ ನಿಂತು ನೋಡಿ. ಮೊಣಕಾಲು ಸೊಂಟಕ್ಕಿಂತ ಮೇಲಿದ್ದರೆ ಬೆನ್ನಿನ ಕೆಳಭಾಗ ತಾನಾಗಿಯೇ ಹಿಂದಕ್ಕೆ ಗೂನಾಗುತ್ತದೆ. ಮೊಣಕೈ ಬಟ್ಟೆ ಸುತ್ತುವ ದಿಂಡಿಗಿಂತ ಕೆಳಗಿದ್ದರೆ ಭುಜ ಸೆಟೆದು ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ: ಮಣೆಯನ್ನು ಎತ್ತರಿಸಿ, ಮುಂದಕ್ಕೆ ತುಸು ಇಳಿಜಾರಾಗಿಸುವುದು. ಬಡಗಿಯನ್ನು ಕರೆಸುವ ಮೊದಲು ಮಡಿಸಿದ ಕಂಬಳಿಯನ್ನು ಒಂದು ವಾರ ಹಾಕಿ ಪರೀಕ್ಷಿಸಿ. ಎತ್ತರಿಸಿದ ಮೇಲೆ ಪಾದ ತುಳಿಯುವ ಪಟ್ಟಿಯನ್ನು ಆರಾಮವಾಗಿ ಮುಟ್ಟುತ್ತಿರಬೇಕು, ಇಲ್ಲದಿದ್ದರೆ ಪಟ್ಟಿಯ ಹಗ್ಗವನ್ನು ಬಿಗಿದು ಅದನ್ನೂ ಮೇಲಕ್ಕೆ ತರಬೇಕಾಗುತ್ತದೆ.

ನೇಯ್ದ ಬಟ್ಟೆಯನ್ನು ಎಷ್ಟು ಬೇಗ ಸುತ್ತಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ. ನೇಯುತ್ತ ಹೋದಂತೆ ಹೊಕ್ಕು (ಅಡ್ಡ ಎಳೆ) ಕೂಡುವ ಜಾಗ ಮೈಯಿಂದ ದೂರ ಸರಿಯುತ್ತದೆ, ಅದರ ಹಿಂದೆ ಬೆನ್ನೂ ಹೋಗುತ್ತದೆ. ಕೈ ನಿಲ್ಲಿಸಿ ಸುತ್ತುವುದು ಬೇಸರದ ಕೆಲಸವೆಂದು ಅನುಭವಿಗಳೇ ಅದನ್ನು ಮುಂದೂಡುವುದನ್ನು ನಾನು ಬಹಳ ನೋಡಿದ್ದೇನೆ. ಎರಡು ಮೂರು ಇಂಚಿಗೊಮ್ಮೆ ಸುತ್ತಿಕೊಂಡರೆ ಸೊಂಟಕ್ಕೆ ಸಿಗುವ ಬಿಡುವು ಯಾವ ಮುಲಾಮಿನಿಂದಲೂ ಸಿಗದು.

ರಾತ್ರಿಯ ಜೋಮನ್ನು ಮಾತ್ರ ಮನೆಯಲ್ಲೇ ತೀರ್ಮಾನಿಸಬೇಡಿ. ಯಾವ ಬೆರಳು ಎಂದು ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾಗಿದ್ದು, ಕೈ ಕೊಡವಿದರೆ ಹಾಯೆನಿಸುವುದಾದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವ ಸಾಧ್ಯತೆ ಹೆಚ್ಚು. ಕಿರುಬೆರಳಾದರೆ ಮೊಣಕೈಯ ನರವನ್ನು ಅನುಮಾನಿಸಬೇಕು. ಮಧುಮೇಹ ಮತ್ತು ಥೈರಾಯ್ಡ್ ತೊಂದರೆಯಲ್ಲೂ ಹೀಗಾಗುವುದರಿಂದ ರಕ್ತಪರೀಕ್ಷೆ ಅಗತ್ಯ. ಮಲಗುವಾಗ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಅನೇಕರಿಗೆ ಉಪಶಮನ ಕೊಡುತ್ತದೆ. ಮಗ್ಗದಲ್ಲಿ, ಅಡ್ಡ ಎಳೆಯನ್ನು ಒಯ್ಯುವ ಲಾಳಿಯನ್ನು ಓಡಿಸುವ ಹಗ್ಗದ ಹಿಡಿ ತೆಳ್ಳಗಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿ. ಕೈ ಬಿಗಿಯುವುದು ಕಡಿಮೆಯಾಗುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಸೊಂಟನೋವಿನ ಜೊತೆ ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಗುಂಡಿಯಿಂದ ಎದ್ದು ಬರುವುದು ಕಷ್ಟವೆಂದು ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೂತ್ರಕ್ಕೆ ಏಳಬೇಕಾಗುತ್ತದಲ್ಲ! ಮಗ್ಗದ ಬದಿಗೆ ಭಾರ ತಾಳುವ ಒಂದು ಕಂಬ ನೆಡಿಸಿ, ಗುಂಡಿಗೆ ಒಂದು ಮೆಟ್ಟಿಲು ಕಟ್ಟಿಸಿ. ಏಳುವುದು ಸುಲಭವಾದರೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಆಗುತ್ತದೆ. ಮಧುಮೇಹವಿದ್ದರೆ ಪ್ರತಿ ಸಂಜೆ ಪಾದಗಳ ಅಡಿಯನ್ನು ನೋಡಿ, ಏಕೆಂದರೆ ಸ್ಪರ್ಶ ಕಳೆದುಕೊಂಡ ಪಾದಕ್ಕೆ ತುಳಿಯುವ ಪಟ್ಟಿಯಿಂದಾದ ಗಾಯ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನನಗೆ 58 ವರ್ಷ. ಹತ್ತಿನೂಲಿನ ಕಂಡಿಕೆ (ಲಾಳಿಯೊಳಗಿಡುವ ನೂಲಿನ ಸುರುಳಿ) ಸುತ್ತುತ್ತೇನೆ. ರಜೆ ಮುಗಿಸಿ ಕೆಲಸಕ್ಕೆ ಕೂತ ದಿನ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ವಯಸ್ಸಿನ ಕಾರಣವೇ?

ಉತ್ತರ: ವಯಸ್ಸಿನ ಮೇಲೆ ಹೊರಿಸಬೇಡಿ. ಬಿಡುವಿನ ನಂತರದ ಮೊದಲ ದಿನವೇ ಎದೆ ಬಿಗಿಯುವುದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಗುರುತು. ಹತ್ತಿ ಹಿಂಜುವ, ನೂಲುವ ಕಡೆ ಇದು ಹೆಚ್ಚು. ನೂಲು ಸುತ್ತುವವರಲ್ಲೂ ಕಂಡುಬರುತ್ತದೆ. ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಿ, ನಿಮ್ಮ ಕೆಲಸ ಏನೆಂದು ವೈದ್ಯರಿಗೆ ನೀವಾಗಿಯೇ ಹೇಳಿ. ಕೋಣೆಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬಂದು ಎದುರಿನ ಕಿಟಕಿಯಿಂದ ಹೊರಹೋಗುವಂತೆ ಕೂರಿ. ಮುಖಕ್ಕೆ ಸುತ್ತಿದ ಸೆರಗು ಸಣ್ಣ ಧೂಳನ್ನು ತಡೆಯಲಾರದು. ಮುಖಕ್ಕೆ ಸರಿಯಾಗಿ ಅಂಟಿ ಕೂರುವ ಎನ್95 ಮಾದರಿಯ ಮಾಸ್ಕ್ ಬೇಕು.